ಉದಾಹರಣೆಯ ಮಗು

ಹೊಳೆನರಸೀಪುರದ ಮಿಡ್ಲ್ ಸ್ಕೂಲಿನ ರುದ್ರಯ್ಯ ಮೇಷ್ಟ್ರು ಪುಸ್ತಕ ಬರೆಯುತ್ತಿದ್ದಾರೆ ಎಂಬ ಸುದ್ದಿ ಪೇಟೆ ಬೀದಿಯಲ್ಲಿ ಹಬ್ಬಿದಾಗ ಜನ ಮೊದಲು ನಂಬಲಿಲ್ಲ. ನಂಬಿದ ಮೇಲೆ, ಯಾವ ಪುರಾಣ ಎಂದು ಕೇಳಿದರು. ಪುರಾಣವಲ್ಲ, ಮನಸ್ಸಿನ ಮೇಲೆ ಎಂದು ತಿಳಿದಾಗ ದಿನಸಿ ಅಂಗಡಿ ಚಂದ್ರಯ್ಯ ನಕ್ಕೇಬಿಟ್ಟ. "ಮನಸ್ಸಿನ ಮ್ಯಾಲೆ ಬರಿಯಾಕೆ ಏನೈತೆ ಸಾ? ಅದು ಎಲ್ರಿಗೂ ಇದ್ದೇ ಐತಲ್ಲ!" ರುದ್ರಯ್ಯನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಬೆಲ್ಲ ಕಟ್ಟಿಸಿಕೊಳ್ಳುವುದನ್ನೂ ಮರೆತು ಮನೆಗೆ ಓಡಿಬಂದು ಅದನ್ನೇ ಮುನ್ನುಡಿಯ ಮೊದಲ ಸಾಲು ಮಾಡಿದ. ಆ ದಿನ ಹೋಳಿಗೆ ಆಗಲಿಲ್ಲ. ಮನಸ್ಸಿನ ಶಾಸ್ತ್ರದಿಂದ ಆ ಮನೆಗೆ ಆದ ಮೊದಲ ನಷ್ಟ ಅದು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಇದು ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿಯ ಅವರೆಕಾಯಿ ಕಾಲದ ಮಾತು. ಮೈಸೂರಿನ ಪ್ರಕಾಶಕರೊಬ್ಬರು ಸಾಮಾನ್ಯ ಜನ ಓದುವಂಥ ಸಣ್ಣ ಸಣ್ಣ ಶಾಸ್ತ್ರದ ಪುಸ್ತಕಗಳನ್ನು ಅಚ್ಚು ಹಾಕಿಸುತ್ತಿದ್ದರು. "ನಿಮ್ಮ ತಾಯಿಯವರಿಗೆ ಅರ್ಥವಾಗುವ ಹಾಗೆ ಬರೆಯಿರಿ" ಎಂದು ರುದ್ರಯ್ಯನಿಗೆ ಕಾಗದ ಬರೆದರು. ಮಾತಿಗೆ ಹೇಳಿದ್ದು. ಆದರೆ ರುದ್ರಯ್ಯ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಜಾತಿ. ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಾಯಿ ಕಮಲಾಕ್ಷಮ್ಮನನ್ನು ನಡುಮನೆಯಲ್ಲಿ ಕೂರಿಸಿ, ಬರೆದ ಪಾಠವನ್ನು ಗಟ್ಟಿಯಾಗಿ ಓದುವುದಕ್ಕೆ ಶುರುಮಾಡಿದ. ತಾಯಿಯ ಜೊತೆ ಸೋದರತ್ತೆ ಗುರುಸಿದ್ದಮ್ಮ. ಆಕೆ ರುದ್ರಯ್ಯನ ತೀರಿಹೋದ ತಂದೆಯ ಅಕ್ಕ; ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು ರಾಮನಾಥಪುರದಿಂದ ತಮ್ಮನ ಮನೆಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಮೂರನೆಯವಳು ಹೆಂಡತಿ ಗಂಗಾಂಬಿಕೆ. ಅರಕಲಗೂಡಿನ ಹುಡುಗಿ, ನಾಲ್ಕನೇ ಕ್ಲಾಸು ಓದಿದವಳು, ಈ ಮನೆ ಹೊಕ್ಕು ಆರು ವರ್ಷ. ತೊಟ್ಟಿಲು ಇನ್ನೂ ಅಟ್ಟದ ಮೇಲೇ ಇತ್ತು. ಆ ವಿಷಯ ಕಮಲಾಕ್ಷಮ್ಮ ದಿನಕ್ಕೆ ಒಂದು ಸಲ ಎತ್ತುತ್ತಿದ್ದಳು, ಸಿಟ್ಟಿದ್ದ ದಿನ ಎರಡು ಸಲ.

ಮೊದಮೊದಲು ಮಜವಾಗಿಯೇ ಇತ್ತು. ನೆನಪಿನ ಪಾಠದಲ್ಲಿ ರುದ್ರಯ್ಯ ಹನ್ನೆರಡು ಸಾಮಾನಿನ ಹೆಸರು ಓದಿ, ಸ್ವಲ್ಪ ಹೊತ್ತು ಬಿಟ್ಟು, ಎಷ್ಟು ನೆನಪಿದೆ ಹೇಳಿ ಎಂದ. ಗಂಗಾಂಬಿಕೆ ಒಂಬತ್ತು ಹೇಳಿದಳು. ಕಮಲಾಕ್ಷಮ್ಮ ಹದಿನಾಲ್ಕು ಹೇಳಿದಳು.

"ಅವ್ವ, ಇದ್ದದ್ದೇ ಹನ್ನೆರಡು. ಒನಕೆ, ಜರಡಿ ನಾನು ಓದೇ ಇಲ್ಲ."

"ಓದ್ದೆ ಕಣೋ! ಜರಡಿ ಅಂದಾಗ ನೀನು ಕೆಮ್ಮಿದ್ದೆ. ನಂಗೆ ಗ್ಯಾಪ್ಕ ಐತೆ."

ರುದ್ರಯ್ಯ ನಕ್ಕು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಗುರುಸಿದ್ದಮ್ಮ ಯಾವ ಹೆಸರನ್ನೂ ಹೇಳಲಿಲ್ಲ. "ನಂಗ್ಯಾಕಪ್ಪಾ ಅದೆಲ್ಲ, ನಾನು ಗ್ಯಾಪ್ಕ ಇಟ್ಕಳಾದು ಏನೈತೆ" ಎಂದು ಬುಟ್ಟಿಯ ಅವರೆಕಾಯಿ ಮುಂದಕ್ಕೆಳೆದುಕೊಂಡಳು.

ಅದರ ಮುಂದಿನ ಭಾನುವಾರ 'ಗಮನ' ಎಂಬ ಪಾಠ. ಮೂವರು ಹೆಂಗಸರೂ ನೆನೆಹಾಕಿದ ಅವರೆಕಾಳನ್ನು ನಡುವೆ ಇಟ್ಟುಕೊಂಡು ಹಿತುಕುತ್ತ ಕೂತಿದ್ದರು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ರುದ್ರಯ್ಯ ಕನ್ನಡಕ ಏರಿಸಿ ಓದಿದ:

"ಗಮನವೆಂಬುದು ಕೈಲಾಟೀನಿನ ಹಾಗೆ. ಬಿದ್ದ ಕಡೆ ಬೆಳಕು, ಮಿಕ್ಕ ಕಡೆ ಕತ್ತಲೆ. ಒಂದು ಮನೆಯಲ್ಲಿ ಒಬ್ಬ ಹೆಂಗಸು ಅವರೆಕಾಳು ಹಿತುಕುತ್ತ ಕುಳಿತಿದ್ದಾಳೆ ಎನ್ನಿ. ಮೂರು ವರ್ಷದ ಹುಡುಗಿಯೊಂದು ಪಕ್ಕದಲ್ಲೇ ಆಡುತ್ತಿದೆ. ಹುಡುಗಿ ಎದ್ದು ಹಿತ್ತಲಿಗೆ ಹೋಗುತ್ತದೆ. ಹಿತ್ತಲಲ್ಲಿ ಬಾವಿಯಿದೆ. ನೀರಿನ ಸದ್ದು ಅವಳ ಕಿವಿಗೆ ಬೀಳುತ್ತದೆ, ಮನಸ್ಸಿಗೆ ಬೀಳುವುದಿಲ್ಲ. ಕಾಳು ಮುಗಿದ ಮೇಲೆ ತಲೆಯೆತ್ತಿ, ಮಗು ಎಲ್ಲಿ ಎಂದು ಕೇಳುತ್ತಾಳೆ."

"ಥೂ, ಅನಿಷ್ಟ!" ಎಂದಳು ಕಮಲಾಕ್ಷಮ್ಮ. "ಒಳ್ಳೇದು ಒಂದೂ ಸಿಗ್ನಿಲ್ವ ನಿಂಗೆ?"

"ಉದಾಹರಣೆ ಕಣವ್ವ. ಸುಮ್ಮನೆ ನಾನೇ ಕಟ್ಟಿದ್ದು."

ಗುರುಸಿದ್ದಮ್ಮನ ಕೈ ನಿಂತುಹೋಗಿತ್ತು. ಬೆರಳ ನಡುವೆ ಒಂದು ಕಾಳು ಹಾಗೇ ಇತ್ತು. "ಆಮೇಲೆ?" ಎಂದಳು.

"ಆಮೇಲೆ ಏನಿಲ್ಲ ಅತ್ತೆ. ಅಷ್ಟೇ."

"ತೆಗುದ್ರಾ?"

"ಏನನ್ನ?"

"ಮಗೀನ. ಬಾವಿಯಿಂದ ತೆಗುದ್ರಾ?"

ರುದ್ರಯ್ಯ ಪುಸ್ತಕದಿಂದ ತಲೆಯೆತ್ತಿ ನೋಡಿದ, ಪುಟ ತಿರುವಿದ. ಗಂಗಾಂಬಿಕೆ ಮಾತ್ರ ಮುದುಕಿಯ ಮುಖವನ್ನೇ ನೋಡುತ್ತಿದ್ದಳು. ಆ ಮುಖ ಹಿತ್ತಲ ಬಾಗಿಲ ಕಡೆ ತಿರುಗಿತ್ತು.

ಮೂರು ದಿನ ಏನೂ ನಡೆಯಲಿಲ್ಲ. ನಾಲ್ಕನೇ ದಿನ ಗಂಗಾಂಬಿಕೆ ಊಟಕ್ಕೆ ಬಡಿಸಲು ಹೋದಾಗ ಮುದ್ದೆಯ ತಟ್ಟೆಯ ಅಂಚಿನಲ್ಲಿ ನಿಂಬೆಹಣ್ಣಿನ ಗಾತ್ರದ್ದೊಂದು ಮುದ್ದೆ ಕಂಡಿತು. ಆ ಮನೆಯಲ್ಲಿ ಮುದ್ದೆ ಕಟ್ಟುವುದು ಗುರುಸಿದ್ದಮ್ಮನ ಕೆಲಸ. ನಾಲ್ಕು ಜನಕ್ಕೆ ನಾಲ್ಕು, ಒಂದರಂತೆ ಒಂದು. ಹಿಟ್ಟು ಹೆಚ್ಚೂ ಆಗುತ್ತಿರಲಿಲ್ಲ, ಕಮ್ಮಿಯೂ ಆಗುತ್ತಿರಲಿಲ್ಲ.

"ಇದ್ಯಾರಿಗೆ ದೊಡ್ಡತ್ತೆ?"

"ಮಿಕ್ಕಿತ್ತು ಕಣವ್ವ."

ಮರುದಿನವೂ ಮಿಕ್ಕಿತು. ಅದರ ಮರುದಿನವೂ. ಆ ಸಣ್ಣ ಮುದ್ದೆಗೆ ನಡುವೆ ಬೆರಳಲ್ಲಿ ಗುಳಿ ಮಾಡಿ ತುಪ್ಪ ಬಿಟ್ಟಿರುತ್ತಿದ್ದಳು, ಎಳೆಮಕ್ಕಳಿಗೆ ಮಾಡುತ್ತಾರಲ್ಲ ಹಾಗೆ. ಯಾರೂ ತಿನ್ನುತ್ತಿರಲಿಲ್ಲ. ಸಂಜೆ ಹಸುವಿನ ಬಾಯಿಗೆ ಹೋಗುತ್ತಿತ್ತು. ಆಮೇಲೆ ಹಗಲು ಹೊತ್ತಿನಲ್ಲೂ ಹಿತ್ತಲ ಬಾಗಿಲಿಗೆ ಅಗುಳಿ ಬೀಳತೊಡಗಿತು. ಗಂಗಾಂಬಿಕೆ ನೀರು ಸೇದಲು ತೆಗೆದರೆ, ಬಿಂದಿಗೆ ಹೊತ್ತು ಒಳಗೆ ಬರುವಷ್ಟರಲ್ಲಿ ಗುರುಸಿದ್ದಮ್ಮ ಹಿಂದಿನಿಂದ ಬಂದು ಹಾಕಿಬಿಡುತ್ತಿದ್ದಳು. ಕೇಳಿದರೆ, "ನಾಯಿ ಬತ್ತದೆ" ಎನ್ನುವಳು.

ನಾಯಿ ಬರುವ ಹಿತ್ತಲು ಅದಲ್ಲ. ಎದೆಯುದ್ದದ ಗೋಡೆ ಸುತ್ತ ಇದೆ. ಗಂಗಾಂಬಿಕೆ ಗಂಡನಿಗೆ ಹೇಳಿದಳು. ಗಂಡ, "ವಯಸ್ಸಾಯ್ತಲ್ಲ" ಎಂದ.

ಅದಾದ ಭಾನುವಾರ ರುದ್ರಯ್ಯ ಹೊಸ ಪಾಠ ತೆಗೆಯುವ ಮೊದಲೇ ಗುರುಸಿದ್ದಮ್ಮ ಬಾಯಿ ತೆರೆದಳು.

"ರುದ್ರ, ನಿಂಗ್ಯಾರು ಹೇಳಿದ್ದು?"

"ಯಾವುದು ಅತ್ತೆ?"

"ಸಣ್ಣಕ್ಕನ ವಿಷ್ಯ. ನೀನಾಗ ನಾಲ್ಕು ವರ್ಸದ ಕೂಸು. ನಿಮ್ಮಪ್ಪ ಯಾರ್ಗೂ ಹೇಳ್ಬಾರ್ದು ಅಂತ ಆಣೆ ಹಾಕಿದ್ದ. ಯಾರು ಹೇಳಿದ್ರು?"

ಗುರುಸಿದ್ದಮ್ಮ ತಡವರಿಸದೆ ಹೇಳುತ್ತ ಹೋದಳು. ರಾಮನಾಥಪುರದ ತನ್ನ ನಾದಿನಿ, ನಾದಿನಿಯ ಗಂಡ ಇಬ್ಬರೂ ಪ್ಲೇಗಿನಲ್ಲಿ ಹೋದರು. ಉಳಿದದ್ದು ಈ ಹೆಣ್ಣುಮಗು. ತಮ್ಮ ಗಾಡಿ ಕಟ್ಟಿಕೊಂಡು ಹೋಗಿ ಕರೆದುತಂದ. ತನ್ನ ಮಗ್ಗುಲಲ್ಲೇ ಮಲಗುತ್ತಿತ್ತು. ಸಂಜೆಯಾದರೆ ತಲೆ ಕೆರೆದುಕೊಂಡು ಅಳುತ್ತಿತ್ತು. ಅವರೆಕಾಯಿ ಕಾಲ. ತಾನು ಹಿತುಕುತ್ತ ಕೂತಿದ್ದೆ ಎಂದಳು.

"ಅತ್ತೆ, ಅದು ನಾನು ಬರೆದದ್ದು. ನಾನೇ ಕಟ್ಟಿದ ಕಥೆ!"

"ಬರ್ದೋನು ನೀನು. ಕುಂತಿದ್ದೋಳು ನಾನು."

"ಅಯ್ಯೋ ಶಿವನೇ, ಅತ್ತಿಗೆ, ಅಂಥ ಮಗು ಯಾವುದೂ ಈ ಮನೇಲಿ ಇರ್ನಿಲ್ಲ" ಎಂದಳು ಕಮಲಾಕ್ಷಮ್ಮ.

"ನೀನಾಗ ಚನ್ನರಾಯಪಟ್ಣದಲ್ಲಿದ್ದೆ. ಜರ ಬಂದು ತೌರಿಗೆ ಓಗಿದ್ದೆ, ಮೂರು ತಿಂಗ್ಳು."

ಹೋಗಿದ್ದದ್ದು ನಿಜ.

ಅಂದು ಅಡುಗೆಮನೆಯಲ್ಲಿ ಗಂಡಹೆಂಡಿರಿಗೆ ದೊಡ್ಡ ಜಗಳವಾಯಿತು. ಜಗಳಕ್ಕೆ ಕಾರಣ ಮುದುಕಿಯಲ್ಲ. ಮುದುಕಿ ಕಣ್ಣೀರಿಡುತ್ತಿದ್ದಾಗ ರುದ್ರಯ್ಯ ಪೆನ್ಸಿಲು ಹುಡುಕುತ್ತಿದ್ದದ್ದನ್ನು ಗಂಗಾಂಬಿಕೆ ನೋಡಿಬಿಟ್ಟಿದ್ದಳು.

"ಆ ಜೀವ ಅಳ್ತಾ ಇದ್ರೆ ನೀವು ಬರ್ಕೊತೀರಲ್ಲ, ನಾಚ್ಕೆ ಆಗಲ್ವಾ ನಿಮಗೆ?"

"ನಿನಗೆ ಗೊತ್ತಾಗಲ್ಲ ಗಂಗಾ. ಇಲ್ಲದ್ದೊಂದು ನೆನಪು ಹೀಗೆ ಕಣ್ಣೆದುರೇ ಹುಟ್ಟೋದನ್ನ ಎಷ್ಟು ಜನ ನೋಡಿರ್ತಾರೆ? ದೊಡ್ಡ ದೊಡ್ಡ ಪಂಡಿತರಿಗೂ ಸಿಕ್ಕಿರಲ್ಲ."

"ನಿಮ್ಮ ಪುಸ್ತಕಕ್ಕೆ ಬೆಂಕಿ ಬೀಳ! ಆ ಹೆಂಗಸಿನ ಹಾಗೇ ಒಬ್ಬಳನ್ನ ಬರೆದ್ರಲ್ಲ, ಅವರೆಕಾಳು ಕೈಗೆ ಕೊಟ್ಟು. ಹೊಸಬರನ್ನ ಯಾರನ್ನಾದ್ರೂ ಕಟ್ಟೋಕೆ ಆಗ್ಲಿಲ್ವಾ?"

ರುದ್ರಯ್ಯ ಕಾಫಿ ಕೇಳಿದ. ಸಿಗಲಿಲ್ಲ.

ಸೋಮವಾರ ಬೆಳಿಗ್ಗೆ ಸ್ನಾನವಾಗಿ, ಹಣೆಗೆ ವಿಭೂತಿ ಧರಿಸಿ ಗುರುಸಿದ್ದಮ್ಮ ಮಣೆಯ ಮೇಲೆ ಕೂತಳು. ಕೊರಳಿನ ವಸ್ತ್ರದ ಗಂಟು ಬಿಚ್ಚಿ ಇಷ್ಟಲಿಂಗ ತೆಗೆದು ಎಡ ಅಂಗೈಗೆ ಇಟ್ಟುಕೊಳ್ಳಬೇಕು, ನೀರೆರೆಯಬೇಕು, ಪತ್ರೆ ಏರಿಸಬೇಕು. ಅರವತ್ತು ವರ್ಷದ ರೂಢಿ. ಗಂಟು ಬಿಚ್ಚಿದಳು. ಅಂಗೈಯನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಮತ್ತೆ ಗಂಟು ಹಾಕಿ ಎದ್ದುಬಿಟ್ಟಳು.

"ಯಾಕೆ ದೊಡ್ಡತ್ತೆ?"

"ಈ ಕೈ ಬ್ಯಾಡ ಕಣವ್ವ. ಕಾಳು ಇಡ್ಕಂಡಿತ್ತೇ ಒರ್ತು ಮಗೀನ ಕೈ ಇಡ್ಕಳ್ನಿಲ್ಲ. ಈ ಕೈ ಮ್ಯಾಲೆ ಶಿವನ್ನ ಎಂಗೆ ಕೂರಿಸ್ಲಿ?"

ಹೀಗೆಂದರೆ ಏನರ್ಥ ಎಂದು ಆ ಮನೆಯವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಲಿಂಗಪೂಜೆ ಆಗದೆ ಅಲ್ಲಿ ಯಾರೂ ತೊಟ್ಟು ನೀರು ಮುಟ್ಟುವವರಲ್ಲ. ಜ್ವರದಲ್ಲಿ ಮಲಗಿದ್ದರೂ ಪೂಜೆ ಮುಗಿಸಿಯೇ ಗಂಜಿ. ಗುರುಸಿದ್ದಮ್ಮ ಉಪವಾಸ ಮಾಡುತ್ತೇನೆ ಎನ್ನಲಿಲ್ಲ, ಸಾಯುತ್ತೇನೆ ಎಂದೂ ಹೆದರಿಸಲಿಲ್ಲ. ಊಟಕ್ಕೆ ಕರೆದರೆ, "ಪೂಜೆ ಆಗಿಲ್ವಲ್ಲವ್ವ" ಎಂದು ಸಮಾಧಾನವಾಗಿ ಹೇಳಿ, ಉಳಿದವರಿಗೆ ಮುದ್ದೆ ಕಟ್ಟಿಕೊಟ್ಟಳು. ನಾಲ್ಕು ಜನಕ್ಕೆ ನಾಲ್ಕಲ್ಲ, ಮೂರು. ಪಕ್ಕದಲ್ಲಿ ಸಣ್ಣದೊಂದು.

ಮಂಗಳವಾರವೂ ಹಾಗೇ ಹೋಯಿತು. ತುಟಿ ಒಡೆಯಿತು. ರುದ್ರಯ್ಯ ಸ್ಕೂಲಿಗೆ ರಜೆ ಹಾಕಿ ಪಾಠ ಮಾಡುವ ದನಿಯಲ್ಲಿ ಎರಡು ತಾಸು ವಿವರಿಸಿದ. ಗುರುಸಿದ್ದಮ್ಮ ಎಲ್ಲದಕ್ಕೂ ಹೂಂಗುಟ್ಟಿದಳು, ಪೂಜೆಗೆ ಮಾತ್ರ ಕೂರಲಿಲ್ಲ. ಕೊನೆಗೆ ಕಮಲಾಕ್ಷಮ್ಮ ಮಠದ ಪರಮಶಿವಯ್ಯನವರಿಗೆ ಹೇಳಿಕಳಿಸಿದಳು. ಅಯ್ಯನವರು ಬಂದು, ಎಲ್ಲವನ್ನೂ ಕೇಳಿ, ಗಡ್ಡ ಸವರಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಆ ಮಗು ಸತ್ತಾಗ ಜಂಗಮರಿಗೆ ಉಣಿಸಿ ಗಣಾರಾಧನೆ ಮಾಡಿದ್ರೇನಮ್ಮ?"

"ಇಲ್ಲ ಅಯ್ನೋರೇ. ಯಾರ್ಗೂ ತಿಳೀಬಾರ್ದು ಅಂತ ನನ್ ತಮ್ಮ ಮಣ್ಣು ಮಾಡ್ಬುಟ್ಟು ಬಂದ."

"ಅದಕ್ಕೇ ಕೈ ಕೂಡ್ತಾ ಇಲ್ಲ. ಮಾಡಿಸಿ, ಸರಿಹೋಗ್ತದೆ."

ರುದ್ರಯ್ಯ ಹೆಂಡತಿಯನ್ನು ಪಕ್ಕಕ್ಕೆ ಕರೆದ. "ಮಾಡಿಸಿಬಿಡೋಣ. ನಂಬಿಕೆಗೆ ಎದುರು ನಿಂತ್ರೆ ಅದು ಗಟ್ಟಿಯಾಗ್ತದೆ. ಜೊತೇಲಿ ಹೋಗಿ ಬಿಡಿಸಬೇಕು."

"ಹುಟ್ಟದೇ ಇರೋ ಮಗೂಗೆ ಗಣಾರಾಧನೇನಾ?" ಎಂದಳು ಗಂಗಾಂಬಿಕೆ. ಆದರೆ ಮುದುಕಿಯ ತುಟಿ ನೋಡಿ ಅವಳೂ ಒಪ್ಪಿದಳು. ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ, ಪಾಪ.

ಬುಧವಾರ ಐದು ಜನ ಜಂಗಮರಿಗೆ ಪಾದಪೂಜೆಯಾಯಿತು. ಹೋಳಿಗೆ, ಪಾಯಸ. ಸಣ್ಣಕ್ಕನ ಹೆಸರು ಹೇಳಿ ಎಡೆ ಇಟ್ಟರು. ಪಾದೋದಕ ತಗೊಂಡು ಗುರುಸಿದ್ದಮ್ಮ ಮಣೆಯ ಮೇಲೆ ಕೂತು ಎಡಗೈ ಚಾಚಿದಳು, ಪೂಜೆ ಮಾಡಿದಳು, ಎರಡು ಹೋಳಿಗೆ ತಿಂದಳು. ಮನೆಯವರೆಲ್ಲ ಉಸ್ಸೆಂದು ಕೂತರು. ಒಂದು ಮಗು ಸತ್ತದ್ದು ಗಟ್ಟಿಯಾದ ಮೇಲೆ ಮನೆಗೆ ನೆಮ್ಮದಿ ಬಂದಿತು, ನೋಡಿ.

ಆದರೆ ಐದು ಜನ ಜಂಗಮರು ಉಂಡುಹೋದ ಹೆಸರನ್ನು ಇಲ್ಲ ಎನ್ನುವುದು ಹೇಗೆ? ಹಾಲು ಹಾಕುವ ದೊಡ್ಡತಾಯಮ್ಮ ಮರುದಿನವೇ ಚೆಂಬು ಕೆಳಗಿಟ್ಟು ಜಗಲಿ ಮೇಲೆ ಕೂತಳು.

"ಆ ಮಗೀನ ನಾನೂ ಎತ್ಕಂಡಿವ್ನಿ ಕಣವ್ವ ಗಂಗವ್ವ. ನಮ್ಮವ್ವನ ಜತೆ ಆಲು ಆಕಾಕೆ ಬತ್ತಿದ್ನಲ್ಲ ಆಗ. ಗೆಜ್ಜೆ ಆಕ್ಕಂಡು ಕುಣೀತಿತ್ತು."

"ನೀವು ಇಷ್ಟು ದಿನ ಒಂದು ಸಲನೂ ಹೇಳ್ಲಿಲ್ಲವಲ್ಲ?"

"ಗ್ಯಾಪ್ಕ ಇರ್ನಿಲ್ಲ ಕಣವ್ವ. ನೆನ್ನೆ ಎಸ್ರು ಕೇಳಿದ್ಮ್ಯಾಕೆ ಎಲ್ಲಾ ಬಂದ್ಬುಡ್ತು."

ಹದಿನೈದು ದಿನ ಕಳೆಯಿತು. ಕಮಲಾಕ್ಷಮ್ಮ ಅಕ್ಕಿ ಆರಿಸುತ್ತಿದ್ದವಳು ಸುಮ್ಮನಿರದೆ, "ಅಲ್ಲ, ಆ ಬಾವಿಗೆ ಕಟ್ಟೆ ಕಟ್ಟಿಸಿದ್ದು ನಾನು ತೌರಿಂದ ಬಂದ ವರ್ಸಾನೇ ಕಣೆ. ಯಾಕೆ ಕಟ್ಟಿಸಿದ್ರು ಅಂತ ಕೇಳಿದ್ರೆ ನಿಮ್ಮ ಮಾವ ಸಿಟ್ಟಾಗಿದ್ರು" ಎಂದಳು. ಇನ್ನೊಂದು ವಾರಕ್ಕೆ, ತಾನು ತೌರಿನಿಂದ ಬಂದಾಗ ಗೂಟದಲ್ಲಿ ಸಣ್ಣ ಗೆಜ್ಜೆ ನೇತಾಡುತ್ತಿದ್ದದ್ದು ಅವಳಿಗೆ ನೆನಪಾಯಿತು. ಗೆಜ್ಜೆಯ ಮಾತು ದೊಡ್ಡತಾಯಮ್ಮ ಆಡಿದ್ದು ಎಂದು ಗಂಗಾಂಬಿಕೆ ಎಷ್ಟು ಹೇಳಿದರೂ ಕೇಳಲಿಲ್ಲ. "ನೀ ಮೊನ್ನೆ ಬಂದೋಳು, ನಿಂಗೇನು ಗೊತ್ತು?"

ಆ ಮಾತೇ ಗಂಗಾಂಬಿಕೆಗೆ ನಾಟಿತು. ನಿಜ, ತಾನು ಆರು ವರ್ಷದ ಹಿಂದೆ ಬಂದವಳು. ಆದ್ದರಿಂದಲೇ ತನ್ನೊಬ್ಬಳ ತಲೆ ನೆಟ್ಟಗಿದೆ ಎಂದುಕೊಂಡಿದ್ದಳು. ಒಂದು ಮಧ್ಯಾಹ್ನ ಸುಡುಸುಡು ಬಿಸಿಲಲ್ಲಿ ತುಂಬಿದ ಬಿಂದಿಗೆ ಹೊತ್ತು ಹಿತ್ತಲಿಂದ ಒಳಗೆ ಬರುವಾಗ, ಬಾಗಿಲ ಒಳಗಿನ ಸಣ್ಣ ಓಣಿಯಲ್ಲಿ ಕಾಲಿಗೆ ಅಡ್ಡ ಬಂದದ್ದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. "ಹುಷಾರು, ನೀರು ಚೆಲ್ತದೆ" ಎಂದೂ ಅಂದಳು. ಅಂದ ಮೇಲೆ ನೋಡಿದರೆ ಓಣಿಯಲ್ಲಿ ಯಾರೂ ಇರಲಿಲ್ಲ. ಬೆನ್ನ ಹಿಂದೆ ಗುರುಸಿದ್ದಮ್ಮ ಅಗುಳಿ ಹಾಕುತ್ತಿದ್ದಳು. "ನಿನ್ ಕಂಡ್ರೆ ಅದಕ್ಕೆ ಆಸೆ ಕಣೆ" ಎಂದು ನಕ್ಕಳು. ಆ ದಿನವೆಲ್ಲ ಗಂಗಾಂಬಿಕೆ ಒಲೆಯ ಮುಂದೆಯೇ ಕೂತಿದ್ದಳು.

ಒಂದು ಮಾತು ಹೇಳಲೇಬೇಕು. ಗುರುಸಿದ್ದಮ್ಮ ಆ ದಿನಗಳಲ್ಲಿ ಚೆನ್ನಾಗಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಐವತ್ತು ವರ್ಷ ತಮ್ಮನ ಮನೆಯ ಮೂಲೆಯಲ್ಲಿ, ಯಾರ ಊಟ ಮಿಕ್ಕರೆ ಅದು ತನ್ನದು ಎಂದು ಬಾಳಿದ ಹೆಂಗಸು, ಈಗ ಜಗಲಿ ಮೇಲೆ ಕೂತು ಬೀದಿಯವರಿಗೆ ತನ್ನ ಮಗುವಿನ ವಿಷಯ ಹೇಳುತ್ತಿದ್ದಳು. ಹೇಳುತ್ತ ಅಳುವಳು, ಅತ್ತು ಮೂಗೊರೆಸಿಕೊಂಡು ಅದರ ತುಂಟತನ ನೆನೆದು ನಗುವಳು. ಬೀದಿಯವರು ಕೂತು ಕೇಳುತ್ತಿದ್ದರು. ಅವಳ ಮಾತನ್ನು ಯಾರಾದರೂ ಕೂತು ಕೇಳಿದ್ದೇ ಅದು ಮೊದಲು.

ಮಾಘ ಮಾಸದ ಹೊತ್ತಿಗೆ ಮೈಸೂರಿನಿಂದ ಪ್ರೂಫು ಬಂದಿತು. ರುದ್ರಯ್ಯ ಒಂದು ಹೊಸ ಪಾಠ ಸೇರಿಸುವುದಕ್ಕೆ ಕೂತ. 'ಇಲ್ಲದ ನೆನಪು' ಎಂದು ಹೆಸರು. ಗಂಗಾಂಬಿಕೆ ಹಾಳೆ ಎತ್ತಿ ಓದಿ, ಅಲ್ಲೇ ನಿಂತಳು.

"ಇದನ್ನ ಹಾಕ್ಬೇಡಿ."

"ಹೆಸರು ಹಾಕಿಲ್ವಲ್ಲ. ಇದೇ ಪುಸ್ತಕದ ಪ್ರಾಣ ಗಂಗಾ."

"ಪುಸ್ತಕದ ಪ್ರಾಣ ನೋಡ್ತೀರಿ, ಮನೇಲಿರೋ ಪ್ರಾಣ ನೋಡಲ್ಲ. ಊರಿಗೆ ತಿಳಿದ್ರೆ ದೊಡ್ಡತ್ತೆ ಮುಖ ಎಲ್ಲಿಟ್ಕೊಳ್ಬೇಕು?"

ರುದ್ರಯ್ಯ ಕನ್ನಡಕ ತೆಗೆದ. ಅವನ ಕಣ್ಣ ಕೆಳಗೆ ಕಪ್ಪಾಗಿದ್ದದ್ದನ್ನು ಅವಳು ಆಗಲೇ ಗಮನಿಸಿದ್ದು.

"ನಿನಗೆ ಹೇಳಿಲ್ಲ. ಮೊನ್ನೆ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಡ್ತಾ ಇದ್ದೆ. ಆ ಮಗು ಅಳೋದು ನೆನಪಾಯ್ತು. ತಲೆ ಕೆರ್ಕೊಂಡು ಅಳೋದು. ಪಕ್ಕದಲ್ಲಿ ನಾನೂ ಕೂತಿದ್ದೆ. ನನ್ನ ಕೈಯಾರೆ ಕಟ್ಟಿದ ಉದಾಹರಣೆ ಗಂಗಾ! ಈಗಲೇ ಆಕೆಗೆ ತೋರಿಸಿ ಕಡಿದುಹಾಕದಿದ್ರೆ ಇನ್ನು ನಾಲ್ಕು ತಿಂಗಳಿಗೆ, ಇಲ್ಲ ಅನ್ನೋರು ಈ ಮನೇಲಿ ಯಾರೂ ಉಳಿಯಲ್ಲ. ಮಾಡದ ಪಾಪ ಆಕೆ ತಲೆ ಮೇಲೆ ಹೊರಿಸಿ ನಾನು ಹೇಗೆ ಉಣ್ಣಲಿ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗಂಗಾಂಬಿಕೆ ತಡೆಯಲಿಲ್ಲ. ಆಮೇಲೆ ಅದಕ್ಕಾಗಿ ತನ್ನನ್ನು ತಾನೇ ಶಪಿಸಿಕೊಂಡಳು.

ಸಂಜೆ ರುದ್ರಯ್ಯ ನೋಟ್‌ಬುಕ್ಕನ್ನು ಅತ್ತೆಯ ತೊಡೆಯ ಮೇಲೆ ಬಿಚ್ಚಿಟ್ಟು ಪಕ್ಕದಲ್ಲಿ ಕೂತ. "ಇಲ್ಲಿ ನೋಡಿ ಅತ್ತೆ. ಮೊದಲು 'ಹುಡುಗ' ಅಂತ ಬರೆದಿದ್ದೆ. ಹೊಡೆದುಹಾಕಿ 'ಹುಡುಗಿ' ಮಾಡಿದೆ. ಮೊದಲು ಹೊಳೆ ಅಂತ ಇತ್ತು. ಹೊಳೆ ದೂರ ಆಯ್ತು ಅಂತ ಬಾವಿ ಮಾಡಿದೆ. ಅವರೆಕಾಳು ಯಾಕೆ ಬಂತು ಅಂದ್ರೆ, ಬರೆಯೋವಾಗ ನೀವು ಒಳಗೆ ಹಿತುಕ್ತಾ ಇದ್ರಿ, ವಾಸನೆ ಬಂತು. ಅಷ್ಟೇ. ಸಣ್ಣಕ್ಕ ಅನ್ನೋಳು ಈ ಹಾಳೆಯಿಂದ ಹುಟ್ಟಿದ್ದು."

ಓದಲು ಬಾರದ ಗುರುಸಿದ್ದಮ್ಮ ಗೀಟು ಹಾಕಿದ ಅಕ್ಷರದ ಮೇಲೆ ಬೆರಳಾಡಿಸಿದಳು.

"ಒಡ್ದಾಕಿರಾದು ಇದೇಯಾ?"

"ಹೂಂ."

"ಅಂಗಾರೆ ನಂಗೆ ಪಾಪ ಇಲ್ವಾ?"

"ಇಲ್ಲವೇ ಇಲ್ಲ ಅತ್ತೆ."

"ಮಗೂನೂ ಇಲ್ವಾ?"

ರುದ್ರಯ್ಯ "ಇಲ್ಲ" ಎಂದ.

ಅವಳು ನೋಟ್‌ಬುಕ್ಕನ್ನು ಮಡಿಸಿ, ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು. ಎದ್ದುಹೋಗಿ ಹಿತ್ತಲ ಬಾಗಿಲ ಅಗುಳಿ ತೆಗೆದು, ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ಮರುದಿನ ಬೆಳಿಗ್ಗೆ ಪೂಜೆಗೆ ಕೂರಲಿಲ್ಲ.

ಈ ಸಲ ಮುದ್ದೆಯನ್ನೂ ಕಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ಅಯ್ಯನವರು ಬಂದು ಪಾದೋದಕ ಕೊಟ್ಟರೆ, "ಪಾಪ ಇಲ್ವಂತಲ್ಲ ಅಯ್ನೋರೇ, ಏನು ತೊಳೀತೀರಿ" ಎಂದು ಕಣ್ಣು ಮುಚ್ಚಿದಳು. ಕಮಲಾಕ್ಷಮ್ಮ ಹಣೆ ಹಣೆ ಚಚ್ಚಿಕೊಂಡು, "ಇತ್ತು ಅತ್ತಿಗೆ, ಇತ್ತು, ಗೆಜ್ಜೆ ನಾನೇ ನೋಡಿದ್ದೆ" ಎಂದು ಕೂಗಿದಳು. ಗುರುಸಿದ್ದಮ್ಮ ತಿರುಗಿ ನೋಡಲಿಲ್ಲ. ರುದ್ರಯ್ಯ ಹಾಸನಕ್ಕೆ ಹೋಗಿ ಡಾಕ್ಟರನ್ನು ಕರೆತಂದ. ಡಾಕ್ಟರು ನಾಡಿ ಹಿಡಿದು, ನೀರು ಕುಡಿಸಿ ಎಂದರು. ಅದನ್ನೇ ತಾನೇ ಎಲ್ಲರೂ ಮಾಡಲು ನೋಡುತ್ತಿದ್ದದ್ದು!

ಮೂರನೇ ದಿನ ಮಧ್ಯಾಹ್ನಕ್ಕೆ ಗುರುಸಿದ್ದಮ್ಮನ ಕಣ್ಣುಗಳು ಒಳಕ್ಕೆ ಹೋಗಿದ್ದವು. ಕಮಲಾಕ್ಷಮ್ಮ ಅತ್ತು ಅತ್ತು ಒಳಗೆ ಮಲಗಿದ್ದಳು. ರುದ್ರಯ್ಯ ಹೊಸಿಲ ಮೇಲೆ ತಲೆ ಹಿಡಿದು ಕೂತಿದ್ದ. ಹಾಳೆ ಹರಿದುಹಾಕಿಬಿಟ್ಟಿದ್ದ, ಪ್ರೂಫು ಹಾಗೇ ಬಿದ್ದಿತ್ತು. ಗಂಗಾಂಬಿಕೆ ಒದ್ದೆ ಬಟ್ಟೆಯಲ್ಲಿ ಮುದುಕಿಯ ಹಣೆ ಒರೆಸುತ್ತಿದ್ದಳು. ಗುರುಸಿದ್ದಮ್ಮ ಅವಳ ಮಣಿಕಟ್ಟು ಹಿಡಿದಳು.

"ಗಂಗಾ, ನೀನು ಹೇಳು."

"ಏನು ಹೇಳ್ಲಿ ದೊಡ್ಡತ್ತೆ?"

"ರುದ್ರ ಪುಸ್ತಕದೋನು. ನಿಮ್ಮತ್ತೆ ನಾನು ಸಾಯ್ತೀನಿ ಅಂತ ಅಂಗಂತಾಳೆ. ನೀನು ಇಷ್ಟು ದಿವ್ಸ ಇತ್ತು ಅಂತ್ಲೂ ಅನ್ನಿಲ್ಲ, ಇಲ್ಲ ಅಂತ್ಲೂ ಅನ್ನಿಲ್ಲ." ಉಸಿರು ಸಾಲದೆ ನಿಲ್ಲಿಸಿದಳು. "ತಪ್ಪು ನಂದೇ ಇರ್ಲಿ ಕಣೆ. ನಾನೇ ಕೊಂದೆ ಅಂತ ಬೇಕಾರೂ ಅನ್ನು. ನರಕಕ್ಕೆ ಓಯ್ತೀನಿ. ಮಗು ಇತ್ತು ಅನ್ನು."

ಗಂಗಾಂಬಿಕೆಗೆ ಅಳು ಒತ್ತಿಬಂದಿತು. ಸತ್ಯ ಅವಳಿಗೆ ಗೊತ್ತಿತ್ತು. ಹುಡುಗ ಹುಡುಗಿಯಾದದ್ದು ಗೊತ್ತಿತ್ತು, ಹೊಳೆ ಬಾವಿಯಾದದ್ದು ಗೊತ್ತಿತ್ತು. ಹೊಸಿಲ ಮೇಲೆ ಗಂಡ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಇಲ್ಲ ಎನ್ನಲು ಇನ್ನು ಉಳಿದಿದ್ದವಳು ಅವಳೊಬ್ಬಳೇ.

"ಇತ್ತು ದೊಡ್ಡತ್ತೆ" ಎಂದಳು.

ಮುದುಕಿಯ ಹಿಡಿತ ಸಡಿಲವಾಗಲಿಲ್ಲ. "ಸುಮ್ಕೆ ಅಂತೀಯಾ. ನೀನೆಲ್ಲಿ ನೋಡಿದ್ದೆ? ನೋಡಿದ್ರೆ ಹೇಳು, ಯಾವ ಲಂಗ ಇತ್ತು ಅದಕ್ಕೆ?"

ಲಂಗದ ಮಾತು ಆ ಮನೆಯಲ್ಲಿ ಯಾರೂ ಎಂದೂ ಆಡಿರಲಿಲ್ಲ. ಪುಸ್ತಕದಲ್ಲಿರಲಿಲ್ಲ. ಜಗಲಿಯ ಮೇಲೆ ಹೇಳಿದ ಕಥೆಗಳಲ್ಲೂ ಇರಲಿಲ್ಲ. ಗಂಗಾಂಬಿಕೆ ಯೋಚಿಸಲು ಒಂದು ಕ್ಷಣವೂ ತಗೊಳ್ಳಲಿಲ್ಲ. "ಇಟ್ಟಿಗೆ ಬಣ್ಣದ್ದು" ಎಂದಳು. "ಹಿಂದುಗಡೆ ಅಂಚಿನ ಹತ್ತಿರ ತೇಪೆ. ಕರೀ ಬಟ್ಟೆ ತೇಪೆ, ಬಿಳೀ ದಾರದಲ್ಲಿ ಹಾಕಿದ್ದು."

ಗುರುಸಿದ್ದಮ್ಮ ಅವಳ ಮುಖ ನೋಡಿದಳು. ಒಣಗಿದ ಕಣ್ಣಿನಲ್ಲಿ ನೀರು ಎಲ್ಲಿಂದ ಬಂದಿತೋ.

"ಕರೀ ದಾರ ಇರ್ನಿಲ್ಲ ಕಣೆ ಅವತ್ತು" ಎಂದಳು. "ಅದಕ್ಕೇ ಬಿಳೀದ್ರಲ್ಲಿ ಒಲ್ದೆ. ಎಬ್ಸು ನನ್ನ."

ಎಬ್ಬಿಸಿ ಗೋಡೆಗೆ ಒರಗಿಸಿದರು. ಅವಳೇ ಕೊರಳ ಗಂಟು ಬಿಚ್ಚಿದಳು, ಲಿಂಗವನ್ನು ಎಡ ಅಂಗೈಗೆ ಇಟ್ಟುಕೊಂಡು ಕೈ ಮುಂದೆ ಮಾಡಿದಳು. ಗಂಗಾಂಬಿಕೆ ಗಿಂಡಿಯಿಂದ ನೀರು ಬಿಟ್ಟಳು. ಹೊಸಿಲ ಕಡೆಯಿಂದ ರುದ್ರಯ್ಯ ಮೆಲ್ಲಗೆ, "ಗಂಗಾ, ಆ ತೇಪೆ ನೀನು ಈಗ ಕಟ್ಟಿದ್ದಾ?" ಎಂದು ಕೇಳಿದ. ಅವಳು ಹೌದು ಎನ್ನಲು ಬಾಯಿ ತೆರೆದಳು, ಮಾತು ಬರಲಿಲ್ಲ. ನೀರು ಬಿಡುತ್ತಲೇ ಇದ್ದಳು.